ಹಬ್ಬದ ಮನೆಗೆ ಎಳೆಯ ನಾಯಿಮರಿ

ಪ್ರಶ್ನೆ: ನಮ್ಮಲ್ಲಿ 10 ವಾರದ ಲ್ಯಾಬ್ರಡಾರ್ ಮರಿಯಿದೆ. 8ನೇ ವಾರದಲ್ಲಿ ಮೊದಲ ಲಸಿಕೆ ಹಾಕಿಸಿದ್ದೇವೆ. ದೀಪಾವಳಿಗೆ ಸಾಗರದ ಸಮೀಪದ ಮೂಲಮನೆಯಲ್ಲಿ ಬಂಧುಗಳೆಲ್ಲ ಸೇರುವುದು ನಮ್ಮ ರೂಢಿ. ಅಲ್ಲಿ ದೊಡ್ಡಪ್ಪ ಸಾಕಿದ ಎರಡು ನಾಟಿ ನಾಯಿಗಳಿವೆ. ಭಾವನವರು ತಮ್ಮ ಬೀಗಲ್ ನಾಯಿಯನ್ನೂ ಕರೆತರುತ್ತಾರೆ. ಎಳೆ ವಯಸ್ಸಿನಲ್ಲೇ ಬೇರೆ ನಾಯಿಗಳ ಒಡನಾಟ ಆಗಬೇಕೆಂದು ತರಬೇತುದಾರರು ಹೇಳಿದರೆ, ಲಸಿಕೆಗಳು ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ಪಶುವೈದ್ಯರು ಹೇಳುತ್ತಾರೆ. ಯಾರ ಮಾತನ್ನು ಕೇಳುವುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇಬ್ಬರ ಮಾತೂ ಸರಿಯೇ. ಆದರೆ ಕರೆದೊಯ್ಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ನಿಮ್ಮ ಮರಿಯ ಸ್ಥಿತಿಗಿಂತ ಹೆಚ್ಚಾಗಿ ಆ ಮನೆಯ ನಾಯಿಗಳು ಮತ್ತು ಆ ಮನೆಯ ಅಂಗಳ. ಆದ್ದರಿಂದ ಹೊರಡುವ ಮುನ್ನ ದೊಡ್ಡಪ್ಪನವರಿಗೆ ದೂರವಾಣಿ ಮಾಡಿ, ಅಲ್ಲಿನ ನಾಯಿಗಳಿಗೆ ರೇಬೀಸ್ ಲಸಿಕೆಯಷ್ಟೇ ಅಲ್ಲದೆ ರಕ್ತಭೇದಿ ತರುವ ಪಾರ್ವೊ ಮತ್ತು ಜ್ವರ, ಕೆಮ್ಮು, ಸೆಳವು ತರುವ ಡಿಸ್ಟೆಂಪರ್ ಎಂಬ ವೈರಾಣು ರೋಗಗಳ ಲಸಿಕೆಗಳನ್ನೂ ಹಾಕಿಸಲಾಗಿದೆಯೇ, ಕಳೆದ ಒಂದು ವರ್ಷದಲ್ಲಿ ಆ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಮರಿಗಳು ರಕ್ತಭೇದಿಯಿಂದ ಸತ್ತಿವೆಯೇ ಎಂದು ವಿಚಾರಿಸಿ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ಮತ್ತು ತೇವವಿದ್ದರೆ ಒಂದು ವರ್ಷದವರೆಗೂ ಉಳಿಯಬಲ್ಲದು. ನಾವು ನೆಲ ಒರೆಸುವ ಫಿನಾಯಿಲ್‌ ಅದನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಜಗಲಿಯ ನೆಲವನ್ನು ತೊಳೆದು, 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಒರೆಸಬಹುದು. ಅಡಿಕೆ ತೋಟದ ಮಣ್ಣಿಗೆ ಅಂಥ ಉಪಾಯವಿಲ್ಲ.

ಒಂದು ಲಸಿಕೆ ಆಗಿದೆಯಲ್ಲ ಎಂಬ ಧೈರ್ಯ ಬೇಡ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ಪ್ರತಿರೋಧಕ ವಸ್ತುಗಳು ರೋಗವನ್ನು ತಡೆಯುವಂತೆಯೇ ಲಸಿಕೆಯ ಕೆಲಸವನ್ನೂ ತಡೆಯುತ್ತವೆ. ಅವು ಒಂದು ಮರಿಯಲ್ಲಿ 8ನೇ ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ 14ನೇ ವಾರದವರೆಗೂ ಉಳಿದಿರುತ್ತವೆ. ಯಾವ ಮರಿಯಲ್ಲಿ ಯಾವಾಗ ಕರಗಿತೆಂದು ಹೊರನೋಟಕ್ಕೆ ತಿಳಿಯದ ಕಾರಣದಿಂದಲೇ ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಲಸಿಕೆಯನ್ನು ಮರಳಿ ಮರಳಿ ಹಾಕಿಸಬೇಕಾಗುತ್ತದೆ. ಇಲಿಜ್ವರದ ಲಸಿಕೆಯೂ ಎರಡು ಬಾರಿ ಬೀಳಬೇಕು, ಮತ್ತು ಗದ್ದೆ, ಹಳ್ಳ, ಕೊಟ್ಟಿಗೆಗಳಿರುವ ಮನೆಗೆ ಹೋಗುವ ನಿಮಗೆ ಅದು ಮುಖ್ಯ. ಇನ್ನು ಮಂಗನ ಕಾಯಿಲೆಯ ಸೀಮೆಯವರಿಗೆ ಉಣುಗಿನ ಬಗ್ಗೆ ಹೇಳಿಕೊಡಬೇಕಾದ್ದಿಲ್ಲ. ನಾಯಿಗೂ ಉಣುಗಿನಿಂದ ಬೇರೆ ಬಗೆಯ ಜ್ವರಗಳು ಬರುತ್ತವೆ. ಉಣುಗನ್ನು ಕೊಲ್ಲಲು 8 ವಾರ ದಾಟಿದ ಮರಿಗಳಿಗೆ ಕೊಡಬಹುದಾದ ಮಾತ್ರೆಗಳಿದ್ದು, ಮರಿಯ ತೂಕ ನೋಡಿ ವೈದ್ಯರೇ ಬರೆದುಕೊಡಬೇಕು.

ಅಲ್ಲಿನ ನಾಯಿಗಳಿಗೆ ಲಸಿಕೆ ಆಗಿಲ್ಲವೆಂದಾದರೆ, ಅಥವಾ ಇತ್ತೀಚೆಗೆ ಮರಿಗಳು ಸತ್ತಿವೆಯೆಂದಾದರೆ, ಈ ಬಾರಿ ಮರಿಯನ್ನು ಬೆಂಗಳೂರಿನಲ್ಲಿಯೇ ನಂಬಿಕಸ್ತರ ಮನೆಯಲ್ಲಿ ಬಿಡಿ ಎಂದೇ ನನ್ನ ಸಲಹೆ. ಹತ್ತಾರು ನಾಯಿಗಳು ಬಂದುಹೋಗುವ ನಾಯಿ ವಸತಿಗೃಹ ಈ ವಯಸ್ಸಿಗೆ ತಕ್ಕುದಲ್ಲ. ಲಸಿಕೆ ಆಗಿದ್ದರೆ ಕರೆದೊಯ್ಯಿರಿ. ಆದರೆ ಮರಿ ಮನೆಯೊಳಗೆ ಮತ್ತು ತೊಳೆದ ಜಗಲಿಯಲ್ಲಿ ಮಾತ್ರ ಕೆಳಗಿಳಿಯಲಿ. ಅಂಗಳ, ತೋಟ, ಕೊಟ್ಟಿಗೆಗಳನ್ನು ನಿಮ್ಮ ತೋಳಿನಲ್ಲಿ ಕುಳಿತೇ ನೋಡಲಿ. ತರಬೇತುದಾರರು ಹೇಳುವ ಒಡನಾಟ ಇದರಿಂದಲೂ ಆಗುತ್ತದೆ. ಸುಮಾರು 3ರಿಂದ 14 ವಾರಗಳ ಅವಧಿಯಲ್ಲಿ ಮರಿಗೆ ಬೇಕಾದದ್ದು ಲೋಕದ ಶಬ್ದ, ವಾಸನೆ, ಮುಖಗಳ ನೆಮ್ಮದಿಯ ಪರಿಚಯವೇ ಹೊರತು ಕಂಡ ನಾಯಿಗಳೆಲ್ಲ ಮೈಮೇಲೆ ಬೀಳುವುದಲ್ಲ.

ಬಹಳ ಮಂದಿ ಮರೆಯುವ ಅಪಾಯವೊಂದು ದಾರಿಯಲ್ಲಿದೆ. ಸುಮಾರು 350 ಕಿ.ಮೀ. ಪ್ರಯಾಣದ ನಡುವೆ ಊಟತಿಂಡಿಗೆ ನಿಲ್ಲುವ ಹೆದ್ದಾರಿ ಹೋಟೆಲ್‌ಗಳ ಆವರಣದಲ್ಲಿ ಎಷ್ಟೋ ಬೀದಿನಾಯಿಗಳು ಓಡಾಡಿರುತ್ತವೆ; ಅಲ್ಲಿ ಮರಿಯನ್ನು ನೆಲಕ್ಕೆ ಇಳಿಸುವುದಕ್ಕಿಂತ ದೊಡ್ಡಪ್ಪನವರ ಅಂಗಳವೇ ವಾಸಿಯಾಗಿರಬಹುದು. ಹಳೆಯ ಪತ್ರಿಕೆಗಳನ್ನೋ ಮೂತ್ರ ಹೀರುವ ಪ್ಯಾಡನ್ನೋ ಕಾರಿನೊಳಗೇ ಹಾಸಿ ಮುಗಿಸಿ.

ನಾಯಿಗಳ ಭೇಟಿಗೆ ಹಬ್ಬದ ಗಲಾಟೆಯ ಗಳಿಗೆಯನ್ನು ಆರಿಸಬೇಡಿ. ಸರಪಳಿಯಲ್ಲಿ ಕಟ್ಟಿದ ನಾಯಿಯ ಮುಂದೆ ಮರಿಯನ್ನು ಹಿಡಿಯುವುದು ನಾವು ಕಾಣುವ ಸಾಮಾನ್ಯ ತಪ್ಪು. ದೂರ ಸರಿಯಲಾರದ ನಾಯಿಗೆ ಉಳಿಯುವುದು ಎರಗುವ ದಾರಿಯೊಂದೇ. ಮನೆಯವರೊಬ್ಬರು ತಮ್ಮ ನಾಯಿಯನ್ನು ಸಡಿಲ ಹಗ್ಗದಲ್ಲಿ ಹಿಡಿದು, ಅದು ಉಣ್ಣುವ ಮಲಗುವ ಜಾಗಗಳಿಂದ ದೂರದಲ್ಲಿ, ಒಂದು ಬಾರಿಗೆ ಒಂದೇ ನಾಯಿಯಂತೆ, ಮೂಸಿ ನೋಡಲು ಒಂದೆರಡು ನಿಮಿಷ ಬಿಟ್ಟು ಕರೆದೊಯ್ದರೆ ಸಾಕು. ಊಟದ ಹೊತ್ತಿನಲ್ಲಂತೂ ಮರಿ ಕೋಣೆಯೊಳಗಿರಲಿ. ಹಿತ್ತಿಲಿನಲ್ಲಿ ಎಂಜಲೆಲೆ ಬೀಳುವ ಜಾಗವು ಮನೆಯ ನಾಯಿಗಳ ಪಾಲಿಗೆ ತಮ್ಮದೇ ಸ್ವತ್ತಾಗಿದ್ದು, ವರ್ಷವಿಡೀ ಸಾಧುವಾಗಿದ್ದ ನಾಯಿಯೂ ಅಲ್ಲಿ ಹಲ್ಲು ತೋರಿಸಬಹುದು. ಹಗಲು ಕಟ್ಟಿದ ನಾಯಿಗಳನ್ನು ರಾತ್ರಿ ಬಿಡುವ ಪದ್ಧತಿ ಆ ಮನೆಯಲ್ಲಿದ್ದರೆ, ಬಿಡುವ ಹೊತ್ತನ್ನು ಕೇಳಿ ತಿಳಿದುಕೊಳ್ಳಿ. ಈ ವಯಸ್ಸಿನ ಮರಿಗೆ ರಾತ್ರಿ ಒಂದೆರಡು ಬಾರಿಯಾದರೂ ಮೂತ್ರಕ್ಕೆ ಏಳಬೇಕಾಗುತ್ತದೆ.

ದಿನಕ್ಕೆ 18 ಗಂಟೆಯವರೆಗೂ ನಿದ್ದೆ ಬೇಕಾದ ಮರಿಯನ್ನು ಮಕ್ಕಳು ಕೈಯಿಂದ ಕೈಗೆ ದಾಟಿಸುತ್ತ ಆಡಿಸುವುದನ್ನು ನೀವೇ ತಡೆಯಬೇಕು. ಕೋಣೆಯ ಬಾಗಿಲು ಮುಚ್ಚಿ ಫ್ಯಾನ್ ಹಾಕಿದರೆ ಪಟಾಕಿಯ ಸದ್ದೂ ತಗ್ಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್, ಈರುಳ್ಳಿ, ಕೆಲವು ಶುಗರ್‌ಫ್ರೀ ಸಿಹಿಗಳಲ್ಲಿರುವ ಜೈಲಿಟಾಲ್ ನಾಯಿಗೆ ವಿಷ. ಹಾಗೆಯೇ, ಮರಿ ಆಟದಲ್ಲಿ ಹಲ್ಲು ನಾಟಿಸಿ ಯಾರಿಗಾದರೂ ರಕ್ತ ಬಂದರೆ ‘ಮರಿ ತಾನೇ’ ಎಂದು ಸುಮ್ಮನಾಗಬೇಡಿ. ರೇಬೀಸ್ ಲಸಿಕೆ ಬೀಳುವುದು 12 ವಾರದ ಬಳಿಕ, ಅಂದರೆ ನಿಮ್ಮ ಮರಿಗೆ ಅದಿನ್ನೂ ಆಗಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಹಬ್ಬಕ್ಕೆ ಬರುವ ಮಗಳು ಮೂರು ತಿಂಗಳ ಮರಿಯನ್ನು ತರುತ್ತಾಳೆ. ನಮ್ಮ 9 ವರ್ಷದ ನಾಯಿ ಮರಿಗಳನ್ನು ಕಂಡರೆ ಗುರುಗುಟ್ಟುತ್ತದೆ. ಹೇಗೆ ತಿದ್ದುವುದು?
— ಓದುಗರೊಬ್ಬರು, ಹಾಸನ

ಉತ್ತರ: ತಿದ್ದಬೇಡಿ. ‘ಸಾಕು, ದೂರವಿರು’ ಎಂದು ಹೇಳಲು ಅದಕ್ಕಿರುವ ಮರ್ಯಾದೆಯ ಮಾರ್ಗ ಅದೊಂದೇ, ಮತ್ತು ಗುರುಗುಟ್ಟಿದ್ದಕ್ಕೆಲ್ಲ ಗದರಿಸಿಕೊಂಡ ನಾಯಿ ಕೊನೆಗೆ ಮುನ್ಸೂಚನೆಯಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಗುರುಗುಟ್ಟಿದ ಕೂಡಲೇ ಮರಿಯನ್ನು ಎತ್ತಿಕೊಂಡು ಹೋಗುವ ಹೊಣೆ ನಿಮ್ಮ ಮಗಳದ್ದು. ತಟ್ಟೆ, ಹಾಸಿಗೆ, ಆಟಿಕೆಗಳನ್ನೂ ಅವಳೇ ತರಲಿ, ನಿಮ್ಮ ನಾಯಿಯವನ್ನು ಹಂಚಬೇಡಿ. ಮರಿ ಬರಲಾಗದ ಒಂದು ಮೂಲೆ ನಿಮ್ಮ ನಾಯಿಗೆ ಇರಬೇಕು. ಈ ಸಿಡುಕು ಇತ್ತೀಚೆಗೆ ಹೆಚ್ಚಿದ್ದರೆ ಕೀಲುನೋವೋ ಹಲ್ಲುನೋವೋ ಇರುವ ಸಂಭವವಿದೆ; ಹಬ್ಬದ ರಜೆಗೆ ಚಿಕಿತ್ಸಾಲಯ ಮುಚ್ಚುವ ಮುನ್ನ ಪಶುವೈದ್ಯರಿಗೆ ತೋರಿಸಿ.