ಪ್ರವಾಸ ಪ್ರಶ್ನೋತ್ತರ: ಒಂದೇ ಕೈಚೀಲದಲ್ಲಿ ಇನ್ಸ್‌ಬ್ರುಕ್

ಪ್ರಶ್ನೆ: ನಾವು ನಿವೃತ್ತ ಶಿಕ್ಷಕ ದಂಪತಿ. ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಮ್ಯೂನಿಕ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರೈಲಿನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ತಲುಪಿ, ಒಂದು ವಾರ ಅಲ್ಲಿಯೇ ತಂಗುವ ಯೋಚನೆಯಿದೆ. ದೊಡ್ಡ ಸೂಟ್‌ಕೇಸ್ ಎತ್ತಿ ಇಳಿಸುವ ಶಕ್ತಿ ಇಬ್ಬರಿಗೂ ಈಗಿಲ್ಲ. ತಲಾ 7 ಕಿಲೋ ತೂಕದ ಕೈಚೀಲದಲ್ಲಿಯೇ ಹೋಗಿಬರಬಹುದೇ? ನನ್ನ ಪತ್ನಿ ಸೀರೆಯನ್ನೇ ಉಡುವವರು. ಅಲ್ಲಿನ ಚಳಿಗೆ, ಬೆಟ್ಟಕ್ಕೆ ಅದು ಹೊಂದೀತೇ?
– ದಾವಣಗೆರೆಯ ಓದುಗರು

ಉತ್ತರ: ಖಂಡಿತ ಹೋಗಿಬರಬಹುದು. ಆದರೆ ಈ ಊರಿಗೆ ಹೊರಡುವವರು ಬಟ್ಟೆ ಮಡಿಸುವುದಕ್ಕೆ ಮೊದಲು ಅದರ ನೆಲದ ರಚನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇನ್ಸ್‌ಬ್ರುಕ್ ಇರುವುದು ಸಮುದ್ರಮಟ್ಟದಿಂದ 574 ಮೀಟರ್ ಎತ್ತರದಲ್ಲಿ, ಇನ್ ನದಿಯ ಕಣಿವೆಯಲ್ಲಿ. ಹಳೆಯ ಪೇಟೆಯಿಂದ ಕೆಲವೇ ನಿಮಿಷ ನಡೆದರೆ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸಗೊಳಿಸಿದ, 2007ರಲ್ಲಿ ಆರಂಭವಾದ ಹುಂಗರ್‌ಬುರ್ಗ್ ರೈಲಿನ ನಿಲ್ದಾಣ ಸಿಗುತ್ತದೆ. ಆ ರೈಲಿನಲ್ಲಿ ಹುಂಗರ್‌ಬುರ್ಗ್‌ಗೆ ಏರಿ, ಅಲ್ಲಿಂದ ಕೇಬಲ್ ಕಾರ್ ಹಿಡಿದು 1905 ಮೀಟರ್ ಎತ್ತರದ ಜೇಗ್ರೂಬೆಗೂ, ಮತ್ತೊಂದು ಕೇಬಲ್ ಕಾರ್‌ನಲ್ಲಿ 2256 ಮೀಟರ್ ಎತ್ತರದ ಹಾಫೆಲೆಕಾರ್ ನಿಲ್ದಾಣಕ್ಕೂ ತಲುಪಬಹುದು. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಷ್ಟು ತಾಪಮಾನ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಪೇಟೆಯಲ್ಲಿ 18 ಡಿಗ್ರಿ ಇರುವ ಮಧ್ಯಾಹ್ನ ಹಾಫೆಲೆಕಾರ್‌ನಲ್ಲಿ 7 ಡಿಗ್ರಿ ಇರುತ್ತದೆ; ಗಾಳಿ ಬೀಸಿದರೆ ಮೈಗೆ ಇನ್ನೂ ಕಡಿಮೆ ಅನ್ನಿಸುತ್ತದೆ. ಸೆಪ್ಟೆಂಬರ್ ಕೊನೆಗೆ ಆ ಎತ್ತರದಲ್ಲಿ ಹಿಮ ಬಿದ್ದರೂ ಆಶ್ಚರ್ಯವಿಲ್ಲ. ಒಂದೇ ದಿನದಲ್ಲಿ ಎರಡು ಋತುಗಳನ್ನು ಕಾಣುವ ಊರು ಇದು. ಹಾಗಾಗಿ ನಿಮ್ಮ ಚೀಲ ಏಳು ದಿನಗಳಿಗೆ ಏಳು ಜೊತೆ ಬಟ್ಟೆಯನ್ನು ಹೊರಬೇಕಾಗಿಲ್ಲ. ಎರಡು ಋತುಗಳಿಗೆ ಆಗುವ ಮೂರು ಪದರ ಬಟ್ಟೆಯನ್ನು ಹೊತ್ತರೆ ಸಾಕು.

ಮೈಗೆ ಅಂಟಿಕೊಳ್ಳುವ ತೆಳು ಉಣ್ಣೆಯ ಅಥವಾ ಥರ್ಮಲ್ ಒಳಬಟ್ಟೆ ಮೊದಲನೆಯ ಪದರ. ಇದು ತಲಾ ಎರಡು ಜೊತೆ ಇರಲಿ. ಫ್ಲೀಸ್ ಅಥವಾ ಸ್ವೆಟರ್ ಎರಡನೆಯದು. ಮಳೆ, ಗಾಳಿ ಎರಡನ್ನೂ ತಡೆಯುವ ಹಗುರವಾದ ಜಾಕೆಟ್ ಮೂರನೆಯದು. ಮನೆಯಲ್ಲಿರುವ ದಪ್ಪ ಕೋಟನ್ನು ಬಿಟ್ಟು ಹೋಗಿ. ಅದು ಪೇಟೆಯಲ್ಲಿ ಬೆವರಿಳಿಸುತ್ತದೆ, ಚೀಲದಲ್ಲಿ ಅರ್ಧ ಜಾಗ ತಿನ್ನುತ್ತದೆ. ತೂಕದ ಶೂಗಳನ್ನೂ ಜಾಕೆಟ್ಟನ್ನೂ ವಿಮಾನ ಹತ್ತುವಾಗ ತೊಟ್ಟುಕೊಂಡೇ ಇರಿ. ಸುಲಭವಾಗಿ ಒಗೆಯುವಂಥ, ರಾತ್ರಿ ಹರವಿದರೆ ಬೆಳಿಗ್ಗೆಗೆ ಒಣಗುವಂಥ ಬಟ್ಟೆಗಳನ್ನೇ ಆರಿಸಿ. ಹತ್ತಿಯ ಪ್ಯಾಂಟು ಅಲ್ಲಿನ ತಂಪಿನಲ್ಲಿ ಎರಡು ದಿನವಾದರೂ ಒಣಗದೆ ಸತಾಯಿಸುತ್ತದೆ.

ಸೀರೆಯ ಪ್ರಶ್ನೆಯನ್ನು ಕೇಳಿದ್ದಕ್ಕೆ ನನಗೆ ನಿಜವಾಗಿ ಸಂತೋಷವಾಗಿದೆ, ಏಕೆಂದರೆ ವಿದೇಶ ಪ್ರವಾಸವೆಂದರೆ ಜೀವಮಾನದ ಉಡುಗೆಯನ್ನೇ ಬದಲಿಸಬೇಕೆಂದು ನಮ್ಮ ಹಿರಿಯ ಮಹಿಳೆಯರಿಗೆ ಅನ್ನಿಸಬಾರದು. ಒಂದು ಜರಿ ರೇಷ್ಮೆ ಸೀರೆಯ ತೂಕಕ್ಕೆ ಎರಡು ಕ್ರೇಪ್ ಅಥವಾ ಜಾರ್ಜೆಟ್ ಸೀರೆಗಳು ಬರುತ್ತವೆ; ಇವು ಇಸ್ತ್ರಿಯನ್ನೂ ಬೇಡುವುದಿಲ್ಲ, ಬೇಗ ಒಣಗುತ್ತವೆ. ಉಟ್ಟದ್ದೊಂದು, ಚೀಲದಲ್ಲಿ ಎರಡು ಇದ್ದರೆ ವಾರಕ್ಕೆ ಸಾಕು. ಲಂಗದ ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಪೂರ್ಣ ತೋಳಿನ ಉಣ್ಣೆಯ ರವಿಕೆ, ಕಾಲಿಗೆ ಸಾಕ್ಸ್ ಮತ್ತು ಹಿಡಿತವಿರುವ ಶೂ ಇದ್ದರೆ ಹಳೆಯ ಪೇಟೆಯಲ್ಲಿ ಸೀರೆಯಿಂದ ಯಾವ ತೊಂದರೆಯೂ ಇಲ್ಲ; ಅಂಚನ್ನು ಮಾತ್ರ ಒಂದು ಬೆರಳು ಮೇಲಕ್ಕೆ ಉಡಲಿ. ಹಾಫೆಲೆಕಾರ್ ನಿಲ್ದಾಣದಿಂದ 2334 ಮೀಟರಿನ ಶಿಖರಕ್ಕೆ ಏರುವ ಹಾದಿಯದು ಬೇರೆ ಮಾತು. ಅದು ಕಡಿದಾದ ಕಲ್ಲಿನ ದಾರಿ, ಗಾಳಿಯೂ ಜೋರು. ಆ ಒಂದು ದಿನಕ್ಕಾಗಿ ಒಂದು ಸಲ್ವಾರ್ ಕಮೀಜ್ ಇಟ್ಟುಕೊಳ್ಳುವಂತೆ ಹೇಳಿ, ಇಲ್ಲವೇ ಶಿಖರದ ಆಸೆ ಬಿಟ್ಟು ಜೇಗ್ರೂಬೆಯ ಜಗಲಿಯಲ್ಲಿ ಕುಳಿತು ಕೆಳಗಿನ ಇಡೀ ನಗರವನ್ನು ನೋಡಿ. ಮಂಡಿನೋವಿರುವವರಿಗೆ ಇದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬೆಟ್ಟಕ್ಕೆ ಹೋಗುವ ದಿನವನ್ನು ಊರಲ್ಲೇ ಕುಳಿತು ನಿಗದಿ ಮಾಡಬೇಡಿ. ದಕ್ಷಿಣದಿಂದ ಆಲ್ಪ್ಸ್ ದಾಟಿ ಬರುವ ಫೋನ್ ಎಂಬ ಗಾಳಿ 1370 ಮೀಟರಿನ ಬ್ರೆನ್ನರ್ ಕಣಿವೆಯ ಮೂಲಕ ಕೆಳಗಿಳಿಯುತ್ತಾ ಬಿಸಿಯೇರಿ, ಒಣಗಿ, ನಗರದ ಮೇಲೆ ಬೀಸುತ್ತದೆ. ವಸಂತ ಮತ್ತು ಶರತ್ಕಾಲ ಅದರ ಮುಖ್ಯ ಕಾಲ. ಅದು ಬೀಸಿದ ದಿನ ಪೇಟೆ ಇದ್ದಕ್ಕಿದ್ದಂತೆ ಬೆಚ್ಚಗಾಗುತ್ತದೆ, ಮೇಲೆ ಕೇಬಲ್ ಕಾರ್ ನಿಲ್ಲಿಸಿದರೂ ನಿಲ್ಲಿಸಬಹುದು. ಬೆಟ್ಟಗಳ ನಡುವೆ ಇಳಿಯಬೇಕಾದ ಇನ್ಸ್‌ಬ್ರುಕ್ ವಿಮಾನ ನಿಲ್ದಾಣಕ್ಕೂ ಈ ಗಾಳಿಯ ಕಾಟವಿದೆ. ಆದ್ದರಿಂದ ಮ್ಯೂನಿಕ್‌ನಿಂದ ರೈಲಿನಲ್ಲಿ ಹೋಗುವ ನಿಮ್ಮ ಆಯ್ಕೆ ಬಹಳ ಸರಿಯಾದದ್ದು. ಮ್ಯೂನಿಕ್‌ನ ಮುಖ್ಯ ನಿಲ್ದಾಣದಿಂದ ಬ್ರೆನ್ನರ್ ಕಡೆಗೆ ಹೋಗುವ ನೇರ ರೈಲು ಕೂಫ್‌ಸ್ಟೈನ್ ಮಾರ್ಗವಾಗಿ ಎರಡು ಗಂಟೆಯೊಳಗೆ ತಲುಪಿಸುತ್ತದೆ. ಕೈಚೀಲವನ್ನು ತಲೆಯ ಮೇಲಿನ ಹಲಗೆಯಲ್ಲಿಯೇ ಇಡಬಹುದು. ಜರ್ಮನಿ, ಆಸ್ಟ್ರಿಯಾ ಎರಡೂ ದೇಶಗಳು ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗೆನ್ ವಲಯದವಾದರೂ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ದಾಖಲೆ ಕೇಳುವುದುಂಟು. ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಹೆಚ್ಚು ದಿನ ಆಸ್ಟ್ರಿಯಾದಲ್ಲಿ ಇರುವುದರಿಂದ, ಇಳಿಯುವುದು ಜರ್ಮನಿಯಲ್ಲಾದರೂ, ವೀಸಾ ಅರ್ಜಿಯನ್ನು ಆಸ್ಟ್ರಿಯಾಕ್ಕೇ ಸಲ್ಲಿಸಬೇಕು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಅಗತ್ಯ.

ಚೀಲದ ಬಗ್ಗೆ ಒಂದು ಮಾತು. ಚಕ್ರದ ಟ್ರಾಲಿ ಖಾಲಿಯಿದ್ದಾಗಲೇ ಎರಡು ಕಿಲೋಗಿಂತ ಹೆಚ್ಚು ತೂಗುವುದುಂಟು. 7 ಕಿಲೋ ಮಿತಿಯಲ್ಲಿ ಅದು ದೊಡ್ಡ ಪಾಲು. ಬೆನ್ನಿಗೆ ಹಾಕುವ ಗಟ್ಟಿ ಚೀಲ ಒಂದು ಕಿಲೋದ ಆಸುಪಾಸಿನಲ್ಲಿ ಸಿಗುತ್ತದೆ. ರೈಲು ನಿಲ್ದಾಣದಿಂದ ಹಳೆಯ ಪೇಟೆಗೆ ಹದಿನೈದು ನಿಮಿಷದ ಸಮತಟ್ಟಾದ ನಡಿಗೆ ಅಷ್ಟೇ, ಆದರೆ ಪೇಟೆಯೊಳಗೆ ವಾಹನಗಳು ಓಡಾಡುವುದಿಲ್ಲ, ಕಲ್ಲು ಹಾಸಿದ ಬೀದಿಗಳಲ್ಲಿ ಚಕ್ರಗಳು ಸರಾಗವಾಗಿ ಉರುಳುವುದಿಲ್ಲ. ಭುಜ ಒಪ್ಪುವುದಾದರೆ ಬೆನ್ನಿನ ಚೀಲವೇ ಉತ್ತಮ. ಟಿಕೆಟ್ ಕೊಳ್ಳುವಾಗ ನಿಮ್ಮ ವಿಮಾನ ಸಂಸ್ಥೆಯ ತೂಕ ಮತ್ತು ಅಳತೆಯ ನಿಯಮವನ್ನು ಓದಿ, ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ತೂಗಿ ನೋಡಿ.

ಔಷಧಿಗಳ ವಿಷಯದಲ್ಲಿ ಮಾತ್ರ ತೂಕದ ಲೆಕ್ಕ ಹಾಕಬೇಡಿ. ಇಡೀ ಪ್ರವಾಸಕ್ಕೆ ಸಾಲುವಷ್ಟು, ಜೊತೆಗೆ ನಾಲ್ಕೈದು ದಿನಕ್ಕೆ ಹೆಚ್ಚಿಗೆ, ಮೂಲ ಪೊಟ್ಟಣಗಳಲ್ಲೇ, ಔಷಧದ ಮೂಲ ಹೆಸರನ್ನು ಬರೆದ ವೈದ್ಯರ ಚೀಟಿಯೊಂದಿಗೆ ಕೊಂಡೊಯ್ಯಿರಿ. ಪ್ರಯಾಣಕ್ಕೆ ಬೇಕಾದ ಇನ್ಸುಲಿನ್ ಮತ್ತು ದ್ರವ ಔಷಧಿಗಳಿಗೆ 100 ಮಿಲಿಲೀಟರಿನ ಮಿತಿ ಅನ್ವಯಿಸುವುದಿಲ್ಲ. ತಪಾಸಣೆಯಲ್ಲಿ ಅವನ್ನು ನೀವೇ ಹೊರತೆಗೆದು ತೋರಿಸಿ.

ಪ್ರಶ್ನೆ: ಅಪ್ಪಟ ಸಸ್ಯಾಹಾರಿಗಳಾದ ನಾವು ಅಲ್ಲಿಗೆ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಕರಿಬೇವನ್ನು ಕೈಚೀಲದಲ್ಲಿ ಒಯ್ಯಬಹುದೇ?
– ಶಿರಸಿಯ ಓದುಗರು

ಉತ್ತರ: ತುಪ್ಪವನ್ನು ಇಲ್ಲೇ ಬಿಡಿ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು, ತುಪ್ಪ, ಪನೀರ್‌ನಂಥ ಹಾಲಿನ ಉತ್ಪನ್ನಗಳನ್ನೂ ಮಾಂಸವನ್ನೂ ತರುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು; ಅದೂ ಬೇಡ. ಉಪ್ಪಿನಕಾಯಿಯನ್ನು ತಪಾಸಣೆಯವರು ದ್ರವದ ಲೆಕ್ಕಕ್ಕೆ ಸೇರಿಸುತ್ತಾರೆ, ಖಾರದ ಪುಡಿ, ಮಸಾಲೆ ಪುಡಿಗಳನ್ನು ನಮ್ಮ ವಿಮಾನ ನಿಲ್ದಾಣಗಳಲ್ಲೇ ಕೈಚೀಲದಿಂದ ತೆಗೆಸುವುದುಂಟು, ಒಣಕೊಬ್ಬರಿಯದೂ ಇದೇ ಕತೆ. ಉಳಿಯುವುದು ಅವಲಕ್ಕಿ, ಚಕ್ಕುಲಿ, ಕೋಡುಬಳೆ, ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣ. ಎರಡು ಮೂರು ಹೊತ್ತಿನ ತುರ್ತಿಗೆ ಇವು ಸಾಕು.

ಅಲ್ಲಿನ ಊಟದಲ್ಲಿ ಕೇಳಿ ತಿನ್ನುವ ಅಭ್ಯಾಸ ಮಾಡಿಕೊಳ್ಳಿ. ಟಿರೋಲ್ ಪ್ರಾಂತದ ಹೆಸರಾಂತ ಗ್ರೋಸ್ಟಲ್ ಎಂಬ ಆಲೂಗಡ್ಡೆಯ ಪಲ್ಯದಂಥ ತಿನಿಸಿನಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ, ಕ್ನೋಡೆಲ್ ಉಂಡೆಗಳಲ್ಲಿ ಹಂದಿಮಾಂಸ ಬೆರೆಸಿದ ಬಗೆಯೂ ಇದೆ, ತರಕಾರಿ ಸೂಪನ್ನು ಕೂಡ ಕೆಲವೆಡೆ ಮಾಂಸದ ರಸದಲ್ಲಿ ಕುದಿಸುತ್ತಾರೆ. ಪಾಲಕ್ ಸೊಪ್ಪು ತುಂಬಿದ ಷ್ಲುಟ್ಸ್‌ಕ್ರಾಪ್ಫನ್, ಚೀಸ್ ಹಾಕಿದ ಕೇಜೆಷ್ಪೆಟ್ಸ್ಲೆ ಎರಡರಲ್ಲೂ ಮಾಂಸವಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಬೆರೆತಿರುತ್ತದೆ. ಮೊಟ್ಟೆಯನ್ನೂ ತಿನ್ನದವರು ಅಡುಗೆಮನೆಯಿರುವ ವಸತಿಯನ್ನು ಹಿಡಿದು, ಅಕ್ಕಿ, ಬೇಳೆ, ತರಕಾರಿಗಳನ್ನು ಅಲ್ಲಿಯೇ ಕೊಂಡು ಅಡುಗೆ ಮಾಡಿಕೊಳ್ಳುವುದೇ ನೆಮ್ಮದಿ. ಆಸ್ಟ್ರಿಯಾದಲ್ಲಿ ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ಶನಿವಾರ ಸಂಜೆಯೊಳಗೆ ಸಾಮಾನು ತಂದಿಟ್ಟುಕೊಳ್ಳಿ. ಕುಡಿಯುವ ನೀರಿಗೆ ಹಣ ಕೊಡಬೇಕಾಗಿಲ್ಲ. ನಲ್ಲಿಯಲ್ಲಿ ಬರುವುದು ಬೆಟ್ಟದ ಚಿಲುಮೆಗಳ ನೀರು, ಖಾಲಿ ಬಾಟಲಿ ಒಯ್ದರೆ ಆಯಿತು.

ಪ್ರಶ್ನೆ: ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆ ನೋಡಲು ಹೋಗುವವರಿಗೂ ಕೈಚೀಲ ಸಾಕಾದೀತೇ?
– ಹುಬ್ಬಳ್ಳಿಯ ಓದುಗರು

ಉತ್ತರ: ನಾಲ್ಕೈದು ದಿನಕ್ಕೆ ಸಾಕು. ರಾತ್ರಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ಚಳಿಗಾಲದ ದಪ್ಪ ಕೋಟನ್ನು ಮೈಮೇಲೆಯೇ ಒಯ್ಯಬೇಕು, ಟೊಪ್ಪಿಗೆ, ಕೈಗವಸುಗಳು ಅದರ ಜೇಬಿನಲ್ಲಿರಲಿ. 1964 ಮತ್ತು 1976ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಊರಿದು. ಸ್ಕೀಯಿಂಗ್ ಸಲಕರಣೆ ಬಾಡಿಗೆಗೆ ಸಿಗುತ್ತದೆ.

ಪ್ರಶ್ನೆ: ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೋಣೆ ಬಿಟ್ಟು ಸಂಜೆ ರೈಲು ಹಿಡಿಯಬೇಕು. ಚೀಲ ಹೊತ್ತುಕೊಂಡೇ ಚರ್ಚು, ವಸ್ತುಸಂಗ್ರಹಾಲಯ ನೋಡಬಹುದೇ?
– ಮಂಗಳೂರಿನ ಓದುಗರು

ಉತ್ತರ: ಹೊತ್ತು ತಿರುಗಬೇಡಿ. ಹೋಟೆಲಿನವರು ಸಾಮಾನ್ಯವಾಗಿ ಚೀಲ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಮುಖ್ಯ ರೈಲು ನಿಲ್ದಾಣದಲ್ಲಿ ಬಾಡಿಗೆ ಲಾಕರ್‌ಗಳಿವೆ, ಕೈಚೀಲಕ್ಕೆ ಚಿಕ್ಕ ಲಾಕರ್ ಸಾಕು. ಪಾಸ್‌ಪೋರ್ಟ್, ಹಣ, ಔಷಧಿ, ಜಾಕೆಟ್ ಮಾತ್ರ ನಿಮ್ಮ ಬಳಿ ಇರಲಿ.

ಆ ಬಿಡುವಿನ ದಿನವನ್ನು ಹೋಫ್‌ಕಿರ್ಷೆ ಎಂಬ ಅರಮನೆಯ ಚರ್ಚಿಗೆ ಮೀಸಲಿಡಿ ಎಂದು ಮನಸಾರೆ ಹೇಳುತ್ತೇನೆ. ಅವಸರದ ಪ್ರವಾಸಿಗರು ಚಿನ್ನದ ಚಾವಣಿಯೆಂದು ಹೆಸರಾದ ಗೋಲ್ಡನೆಸ್ ಡಾಖ್ಲ್‌ನ ಎದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್‌ನ ಕಾಲದಲ್ಲಿ, 1500ರ ಹೊತ್ತಿಗೆ ಸಿದ್ಧವಾದ ಆ ಮೊಗಸಾಲೆಗೆ ಹೊದಿಸಿರುವ ಚಿನ್ನದ ಲೇಪದ 2657 ತಾಮ್ರದ ಹಂಚುಗಳು ನೋಡತಕ್ಕವೇ ಸರಿ. ಆದರೆ ಅದೇ ಚಕ್ರವರ್ತಿಯ ಸ್ಮಾರಕ ಸಮಾಧಿಯನ್ನು ಸುತ್ತುವರಿದು ಚರ್ಚಿನೊಳಗೆ ನಿಂತಿರುವ 28 ಕಂಚಿನ ಪ್ರತಿಮೆಗಳ ಮುಂದೆ ನಿಲ್ಲಲು ಸಮಯ ಬೇಕು. ಆಳೆತ್ತರವನ್ನೂ ಮೀರಿದ ಆ ಕಪ್ಪು ಆಕೃತಿಗಳಲ್ಲಿ ಅವನ ಪೂರ್ವಜರು, ಬಂಧುಗಳು ಇದ್ದಾರೆ. ಜರ್ಮನ್ ಕಲಾವಿದ ಡ್ಯೂರರ್ ವಿನ್ಯಾಸದ ಆರ್ಥರ್ ರಾಜನ ಪ್ರತಿಮೆಯ ಕವಚವನ್ನು ಹತ್ತಿರದಿಂದ ನೋಡಿ. ನಡುವಿನ ಸಮಾಧಿ ಮಾತ್ರ ಬರಿದು: 1519ರಲ್ಲಿ ವೆಲ್ಸ್ ಪಟ್ಟಣದಲ್ಲಿ ತೀರಿಕೊಂಡ ಮ್ಯಾಕ್ಸಿಮಿಲಿಯನ್‌ನನ್ನು ವೀನರ್ ನಾಯ್‌ಷ್ಟಾಟ್‌ನಲ್ಲಿ ಮಣ್ಣು ಮಾಡಿದರು. ಕೊನೆಯ ವರ್ಷಗಳಲ್ಲಿ ಆತ ಎಲ್ಲಿಗೆ ಹೋದರೂ ಜೊತೆಯಲ್ಲಿ ತನ್ನ ಶವಪೆಟ್ಟಿಗೆಯನ್ನು ಒಯ್ಯುತ್ತಿದ್ದನಂತೆ.

ಕಾಲಿಗೆ ಶಕ್ತಿಯಿದ್ದರೆ ಹಳೆಯ ಪೇಟೆಯ ನಗರಗೋಪುರದ 133 ಮೆಟ್ಟಿಲು ಹತ್ತಿ. ಬೆನ್ನಿಗೆ ಹೊರೆಯಿಲ್ಲದ ದಿನವೇ ಅದಕ್ಕೆ ತಕ್ಕದ್ದು. ಮರಳುವಾಗ ಇನ್ನೊಂದು ಎಚ್ಚರಿಕೆ. ವಿಮಾನ ತುಂಬಿದ್ದರೆ ಬಾಗಿಲ ಬಳಿಯೇ ಕೈಚೀಲವನ್ನು ಪಡೆದು ಸರಕಿನ ಕೋಣೆಗೆ ಕಳಿಸುವುದುಂಟು. ಪವರ್‌ಬ್ಯಾಂಕ್‌ನಂಥ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಅಲ್ಲಿ ಇಡುವಂತಿಲ್ಲ. ಅವನ್ನು, ಔಷಧಿ ಮತ್ತು ದಾಖಲೆಗಳೊಂದಿಗೆ, ಮೇಲುಗಡೆಯೇ ಒಂದು ಸಣ್ಣ ಬಟ್ಟೆಯ ಸಂಚಿಯಲ್ಲಿ ಹಾಕಿಟ್ಟಿದ್ದರೆ ಸರದಿಯಲ್ಲಿ ನಿಂತು ಚೀಲ ಬಿಚ್ಚಿ ಹುಡುಕಬೇಕಾಗುವುದಿಲ್ಲ.