ಟಿಪಿಎಚ್‌ಎ ಪಾಸಿಟಿವ್ ಅಂದ್ರೆ ಸಿಫಿಲಿಸ್ ಇನ್ನೂ ಇದೆ ಅಂತಲ್ಲ

ಪೆನಿಸಿಲಿನ್ ಇಂಜೆಕ್ಷನ್ ಆಗಿ ಆರು ತಿಂಗಳಾದರೂ ಟಿಪಿಎಚ್‌ಎ ಪಾಸಿಟಿವ್ ಬಂದಿದೆ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ರೋಗ) ಹೋಗಿಲ್ವಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಟಿಪಿಎಚ್‌ಎ ಅನ್ನೋದು ಸಿಫಿಲಿಸ್ ರೋಗಾಣುವಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ. ಅದು ಒಮ್ಮೆ ಪಾಸಿಟಿವ್ ಆದರೆ ಹೆಚ್ಚಿನವರಲ್ಲಿ ಜೀವನಪೂರ್ತಿ ಹಾಗೇ ಇರುತ್ತದೆ. ಗುಣ ಆಗಿದೆಯಾ ಅಂತ ನೋಡೋಕೆ ಅದನ್ನೇ ಮತ್ತೆ ಮಾಡಿಸುವುದು ಸುಮ್ನೆ ದುಡ್ಡು ದಂಡ.

ನೋಡಬೇಕಾದ್ದು ವಿಡಿಆರ್‌ಎಲ್ ಅನ್ನೋ ಇನ್ನೊಂದು ರಕ್ತಪರೀಕ್ಷೆಯ ಅಂಕಿ. ಲ್ಯಾಬಿನಲ್ಲಿ ನಾವು ರಕ್ತದ ತಿಳಿ ಭಾಗವಾದ ಸೀರಮ್ ಅನ್ನು ಪ್ರತಿ ಸಲ ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗುತ್ತೇವೆ. ಸ್ಲೈಡ್ ಮೇಲೆ ಆಂಟಿಜನ್ ಹನಿ ಬೆರೆಸಿ, 4 ನಿಮಿಷ ತಿರುಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಹಾಲು ಒಡೆದ ಹಾಗೆ ಸಣ್ಣ ಗಂಟುಗಳು ಎಷ್ಟು ತೆಳು ಮಾಡುವವರೆಗೆ ಕಾಣುತ್ತವೋ ಅದೇ ನಿಮ್ಮ ಅಂಕಿ; 1:32 ಅಂದ್ರೆ 32 ಪಟ್ಟು ತೆಳು ಮಾಡಿದರೂ ಕಂಡವು ಅಂತ. ನಿಮ್ಮದು 1:32ರಿಂದ 1:4ಕ್ಕೆ ಇಳಿದಿದೆ. ಎಂಟು ಪಟ್ಟು! ನಾಲ್ಕು ಪಟ್ಟು ಇಳಿದರೇ ಔಷಧಿ ಕೆಲಸ ಮಾಡಿದೆ ಅಂತ ಲೆಕ್ಕ.

ಮುಂದಿನ ಸಲವೂ ಅದೇ ಲ್ಯಾಬಿನಲ್ಲಿ, ವಿಡಿಆರ್‌ಎಲ್ ಅನ್ನೇ ಮಾಡಿಸಿ. ಆರ್‌ಪಿಆರ್ ಅನ್ನೋ ಇದೇ ಥರದ ಇನ್ನೊಂದು ಟೆಸ್ಟಿನ ಅಂಕಿ ಜೊತೆ ಅದನ್ನು ಹೋಲಿಸೋಕೆ ಆಗಲ್ಲ.

ಅಂದ ಹಾಗೆ, ನಿಮ್ಮ ಹೆಂಡತಿಗೆ ಟೆಸ್ಟ್ ಆಗಿದೆಯಾ? ಅದನ್ನು ನೀವು ಬರೆದೇ ಇಲ್ಲ. ಅವರಿಗೆ ಸೋಂಕು ಇದ್ದು ಚಿಕಿತ್ಸೆ ಆಗಿಲ್ಲದಿದ್ದರೆ ನಿಮಗೆ ಮತ್ತೆ ಅಂಟಬಹುದು. ಲೈಂಗಿಕ ರೋಗಗಳನ್ನು ನೋಡುವ, ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಇಬ್ಬರೂ ಹೋಗಿ. ಎಚ್‌ಐವಿ ಟೆಸ್ಟನ್ನೂ ಮಾಡಿಸಿ, ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಅದು ಉಚಿತ.