ಕೋಡ್ ಸರಿಯಿದ್ದು ಕಾಮೆಂಟ್, ಕಮಿಟ್ ಮೆಸೇಜ್ (ಬದಲಾವಣೆ ಜೊತೆ ಬರೆಯುವ ಟಿಪ್ಪಣಿ) ಮಾತ್ರ ಸರಿಯಿಲ್ಲದಿದ್ದರೆ, ರಿವ್ಯೂಗೆ ಬಂದ ಡೇಟಾಬೇಸ್ ಪ್ಯಾಚ್ (ಕೋಡ್ ಬದಲಾವಣೆ) ವಾಪಸ್ ಕಳಿಸಬೇಕಾ?

ಕಳಿಸಿ. "ಈಗ ಅಪ್ರೂವ್ ಮಾಡಿ ಆಮೇಲೆ ತಿದ್ದಿಸಿದರಾಯ್ತು" ಅಂತ ನಾನೂ ವರ್ಷಗಟ್ಟಲೆ ಅಂದುಕೊಂಡಿದ್ದೆ.

ಮಾರತ್ತಹಳ್ಳಿ ಕಡೆ ಒಂದು ಪೇಮೆಂಟ್ ಕಂಪನಿಯಲ್ಲಿದ್ದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ಹಾಕುವಾಗ ಎರಡೂ ಖಾತೆಗಳ ದಾಖಲೆಗಳನ್ನು ಬೇರೆ ಯಾರೂ ಬದಲಿಸದಂತೆ ಲಾಕ್ ಮಾಡ್ತೀವಲ್ಲ, ಅದಕ್ಕೆ ಮುಂಚೆ ಐಡಿಗಳನ್ನು ಸಾರ್ಟ್ ಮಾಡುವ ಒಂದೇ ಲೈನ್ ಸೇರಿಸಿದ್ದೆ. ಕಾಮೆಂಟ್: "ಸಾರ್ಟ್ ಐಡೀಸ್". ಕಮಿಟ್ ಮೆಸೇಜ್: "ಮೈನರ್ ಫಿಕ್ಸ್". ಸಾರ್ಟ್ ಆಗ್ತಿದೆ ಅಂತ ಕೋಡೇ ಹೇಳುತ್ತೆ. ಯಾಕೆ ಅನ್ನೋದು ಎಲ್ಲೂ ಇರಲಿಲ್ಲ.

ಯಾಕೆ ಅಂದರೆ, ಎ ಖಾತೆಯಿಂದ ಬಿಗೆ, ಬಿಯಿಂದ ಎಗೆ ಒಂದೇ ಹೊತ್ತಿಗೆ ದುಡ್ಡು ಹೊರಟರೆ ಒಂದು ಟ್ರಾನ್ಸಾಕ್ಷನ್ ಎ ಹಿಡಿದುಕೊಂಡು ಬಿಗೆ ಕಾಯುತ್ತೆ, ಇನ್ನೊಂದು ಬಿ ಹಿಡಿದುಕೊಂಡು ಎಗೆ ಕಾಯುತ್ತೆ. ಡೆಡ್‌ಲಾಕ್. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಪೋಸ್ಟ್‌ಗ್ರೆಸ್ 1 ಸೆಕೆಂಡ್ ಕಾದು, ಪರೀಕ್ಷಿಸಿ, 40ಪಿ01 ಎರರ್ ಕೊಟ್ಟು ಒಂದನ್ನು ರದ್ದು ಮಾಡುತ್ತೆ. ಎಲ್ಲರೂ ಚಿಕ್ಕ ಐಡಿಯನ್ನೇ ಮೊದಲು ಹಿಡಿದರೆ ಈ ಗಂಟು ಬೀಳೋದೇ ಇಲ್ಲ. ಇಷ್ಟನ್ನು ಎರಡು ಸಾಲಲ್ಲಿ ಬರೆಯಬಹುದಿತ್ತು.

ಎರಡು ವರ್ಷ ಕಳೆದ ಮೇಲೆ ಜೂನಿಯರ್ ಒಬ್ಬಳು ಆ ಸಾರ್ಟ್ ಬೇಡ ಅಂತ ತೆಗೆದು ಪ್ಯಾಚ್ ಕಳಿಸಿದಳು. ಸುಮ್ಮನೆ ತೆಗೆದಿರಲಿಲ್ಲ, ಯಾವ ಲೈನ್ ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವ ಗಿಟ್ ಬ್ಲೇಮ್ ನೋಡಿದ್ದಳು. ಅಲ್ಲಿ ಸಿಕ್ಕಿದ್ದು ನನ್ನ "ಮೈನರ್ ಫಿಕ್ಸ್". ರಿವ್ಯೂ ಮಾಡಿದವನೂ ನಾನೇ! ನನಗೇ ನೆನಪಿರಲಿಲ್ಲ, ಅಪ್ರೂವ್ ಒತ್ತಿದೆ. ಟೆಸ್ಟ್‌ಗಳೆಲ್ಲ ಪಾಸ್, ಯಾಕಂದರೆ ಅವು ಒಂದಾದ ಮೇಲೊಂದು ಓಡುತ್ತಿದ್ದವು. ಒಂದನೇ ತಾರೀಕು ಸಂಬಳದ ದಟ್ಟಣೆಗೆ ಲಾಗ್ ತುಂಬ ಡೆಡ್‌ಲಾಕ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಿದ್ದಾಗ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳ ಪ್ಯಾಚ್ ರಿವರ್ಟ್ ಮಾಡಿದೆ, ಅಂದರೆ ಸಾರ್ಟ್ ವಾಪಸ್ ತಂದೆ. ಮೀಟಿಂಗ್‌ನಲ್ಲಿ ಬೈಸಿಕೊಂಡವಳು ಮಾತ್ರ ಅವಳು. ತಪ್ಪು ನನ್ನದು ಅಂತ ಎದ್ದು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಮತ್ತೆ ಆ "ಆಮೇಲೆ" ಅನ್ನೋದು ಬರೋದಿಲ್ಲ. ಎಲ್ಲರೂ ಬಳಸುವ ಮೇನ್ ಬ್ರಾಂಚ್‌ಗೆ ಹೋದ ಕಮಿಟ್ ಮೆಸೇಜ್ ತಿದ್ದಿದರೆ ಅದರ ಹ್ಯಾಶ್ (ಕಮಿಟ್‌ನ ಗುರುತು) ಬದಲಾಗುತ್ತೆ, ಅದರ ಮೇಲಿನ ಕಮಿಟ್‌ಗಳದ್ದೂ ಬದಲಾಗುತ್ತೆ, ಹಾಗಾಗಿ ಯಾರೂ ಅದಕ್ಕೆ ಕೈ ಹಾಕಲ್ಲ. ಆದರೆ ಪ್ಯಾಚ್ ಕಳಿಸಿದವರ ಇಂಗ್ಲಿಷ್ ತಿದ್ದುತ್ತಾ ಕೂರಬೇಡಿ. "ಈ ಲೈನ್ ತೆಗೆದರೆ ಏನು ಒಡೆಯುತ್ತೆ?" ಅಂತ ಕೇಳಿ. ಅವರು ಕೊಡುವ ಉತ್ತರವೇ ಕಾಮೆಂಟ್. ತೊಂದರೆ ಹೇಗೆ ಕಂಡಿತು, ಬೇರೆ ಏನು ಮಾಡಿ ನೋಡಿದರು ಅನ್ನೋದು ಕಮಿಟ್ ಮೆಸೇಜ್‌ಗೆ.

ಆ ಸಾರ್ಟ್ ಮೇಲೆ ಈಗ ನಾಲ್ಕು ಸಾಲಿನ ಕಾಮೆಂಟ್ ಇದೆ. ಬರೆದವಳು ಅವಳೇ.